ಗಾಡಿ ಚೆನ್ನಾಗಿದೆ, ನಾನೂ ಚೆನ್ನಾಗಿದ್ದೀನಿ

ಅಪ್ಪ ಅಮ್ಮನಿಗೆ ಸಾಷ್ಟಾಂಗ ನಮಸ್ಕಾರ. ಇಲ್ಲಿ ಕೆನಡಾದಲ್ಲಿ ನಾನು ಕ್ಷೇಮ, ಅಲ್ಲಿ ನಿಮ್ಮೆಲ್ಲರ ಕ್ಷೇಮಕ್ಕೆ ಬರೀತಾ ಇರಿ. ಅಕ್ಕ ಬರೆದ ಪತ್ರ ಮೊನ್ನೆ ರೂಮಿಗೆ ಬಂತು. ಜೇಬಲ್ಲಿಟ್ಟುಕೊಂಡೇ ಲಾರಿ ಹತ್ತಿದೆ. ದಾರಿಯಲ್ಲಿ ನಿಲ್ಲಿಸಿದಾಗೆಲ್ಲ ತೆಗೆದು ಓದಿ ಈಗ ಮೂರು ಸಲ ಆಯಿತು. ಅಕ್ಕಾ, ಇದನ್ನು ಅಮ್ಮನ ಪಕ್ಕ ಕೂತು ನಿಧಾನವಾಗಿ ಓದಿ ಹೇಳು. ಫೋನಲ್ಲಿ ಹೇಳೋಕೆ ಹೋದರೆ ಅಮ್ಮ ಅಳೋಕೆ ಶುರು ಮಾಡ್ತಾಳೆ, ನಾನು ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತೆ.

ಅಮ್ಮ, ಮೊದಲು ಇದನ್ನು ಕೇಳು. ಗಾಡಿ ಮಗುಚಿಲ್ಲ. ನನಗೇನೂ ಆಗಿಲ್ಲ, ಬೇರೆ ಯಾರಿಗೂ ಏನೂ ಆಗಿಲ್ಲ. ಕೆಲಸ ಹೋಗಿಲ್ಲ, ಸಂಬಳ ಹಿಡಿದಿಲ್ಲ. ಪುಟ್ಟನಿಗೆ ನಾನು ಫೋನಲ್ಲಿ ಹೇಳಿದ್ದು 'ಸ್ವಲ್ಪ ಉಜ್ಜಿತು' ಅಂತ ಮಾತ್ರ. ಅದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಿ ನಿನ್ನ ಕಿವಿಗೆ ಬೀಳೋ ಹೊತ್ತಿಗೆ ಗಾಡಿಯೇ ಉರುಳಿಬಿಟ್ಟಿದೆ. ನೀನು ರಾತ್ರಿ ಊಟ ಬಿಟ್ಟಿದ್ದೀಯ ಅಂತ ಅಕ್ಕ ಬರೆದಿದ್ದಾಳೆ. ದಯವಿಟ್ಟು ಹಾಗೆ ಮಾಡಬೇಡ.

ಆಗಿದ್ದು ಇಷ್ಟು. ಅಪ್ಪಾ, ನಿಮಗೆ ಇದು ತಕ್ಷಣ ಅರ್ಥ ಆಗುತ್ತೆ. ಇಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಗಡೆ ಇರುತ್ತೆ. ನಮ್ಮಲ್ಲಿ ಎಡಕ್ಕೆ ತಿರುಗೋದು ಇಕ್ಕಟ್ಟು, ಇಲ್ಲಿ ಬಲಕ್ಕೆ. ನಿಮ್ಮ ಕಾಲದಲ್ಲಿ ಎಡಗಡೆ ಬಾಗಿಲಲ್ಲಿ ಕ್ಲೀನರ್ ನೇತಾಡ್ತಾ 'ಬರ್ಲಿ, ಬರ್ಲಿ' ಅಂತ ಬಾಗಿಲು ಬಡೀತಿದ್ದ. ಇಲ್ಲಿ ಕ್ಲೀನರ್ ಅನ್ನೋನೇ ಇಲ್ಲ, ಗಾಡಿಗೆ ನಾನೊಬ್ಬನೇ. ಹಿಂದೆ 53 ಅಡಿ ಟ್ರೈಲರ್. ಮುಂದಿನ ಎಂಜಿನ್ ಗಾಡಿ ತಿರುಗಿದ ದಾರೀಲಿ ಹಿಂದಿನ ಚಕ್ರ ಬರಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತೆ. ಆವತ್ತು ಸಂಜೆ ಒಂದು ಗೋದಾಮಿನ ಗೇಟಲ್ಲಿ ಬಲಕ್ಕೆ ತಿರುಗಿಸ್ತಿದ್ದೆ. ಹಿಮ ಬಾಚಿ ಮೂಲೇಲಿ ಗುಡ್ಡೆ ಹಾಕಿದ್ರು, ಅದರ ಹಿಂದೆ ಒಂದು ಕಬ್ಬಿಣದ ಕಂಬ. ಟ್ರೈಲರ್ ಹೊಟ್ಟೆ ಕೆಳಗೆ ಗಾಳಿ ತಡೆಯೋಕೆ ಅಂತ ಉದ್ದಕ್ಕೂ ಪ್ಲಾಸ್ಟಿಕ್ ಹಲಗೆ ಕಟ್ಟಿರ್ತಾರೆ, ಡೀಸೆಲ್ ಉಳಿಯುತ್ತೆ ಅಂತ. ಅದು ಕಂಬಕ್ಕೆ ತಾಗಿ ಎರಡು ಗೇಣು ಸೀಳು ಬಿಡ್ತು. ಸದ್ದು ಕೇಳಿದ ತಕ್ಷಣ ನಿಲ್ಲಿಸಿದೆ. ಹಿಂದೆ ಮುಂದೆ ಮಾಡಿ ಬಿಡಿಸಿಕೊಳ್ಳೋಣ ಅಂತ ಕೈ ಗೇರಿಗೆ ಹೋಗಿತ್ತು, ತಡೆದೆ. ಹಾಗೆ ಎಳೆದಿದ್ರೆ ಹಲಗೆ ಪೂರ್ತಿ ಕಿತ್ತು ಬರ್ತಿತ್ತು.

ನಾಲ್ಕೂ ಇಂಡಿಕೇಟರ್ ಹಾಕಿ ಇಳಿದೆ. ಫೋಟೋ ತೆಗೆದೆ. ಆಮೇಲೆ ನಾನೇ ಆಫೀಸಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೈ ನಡುಗ್ತಿತ್ತು ಅಪ್ಪಾ, ಚಳಿಗೆ ಅಂತ ಹೇಳಲ್ಲ. ಮನೆ ಪತ್ರ ಅಡವಿಟ್ಟಿದ್ದು, ಮಾವ ಜಾಮೀನು ಹಾಕಿದ್ದು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ಆ ಕಡೆ ಮಾತಾಡಿದ ಹೆಂಗಸು ಮೊದಲು ಕೇಳಿದ್ದು ನಿನಗೇನಾದ್ರೂ ಪೆಟ್ಟಾಯ್ತಾ ಅಂತ. ಗಾಡಿ ವಿಷಯ ಆಮೇಲೆ. ಒಂದು ಫಾರಂ ತುಂಬಿಸಿದ್ರು. ಮಾರನೇ ವಾರ ಒಂದು ದಿನ ಯಾರ್ಡಲ್ಲಿ ಕೋನ್ ಇಟ್ಟು ಬಲ ತಿರುವು, ರಿವರ್ಸು ಮತ್ತೆ ಮತ್ತೆ ಮಾಡಿಸಿದ್ರು. ಆ ದಿನಕ್ಕೂ ಸಂಬಳ ಕೊಟ್ಟರು. ಗಾಡಿ ಇನ್ನೂ ನನ್ನ ಹತ್ತಿರವೇ ಇದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದವರನ್ನ ಮಾತ್ರ ಇಟ್ಟುಕೊಳ್ಳಲ್ಲ ಅಂತ ಜೊತೆಯ ಡ್ರೈವರುಗಳು ಹೇಳ್ತಾರೆ.

ಇನ್ನೊಂದು ವಿಷಯ ನನ್ನನ್ನ ಉಳಿಸಿದ್ದು. ಗಾಡಿ ಕೀ ಕೈಗೆ ಕೊಟ್ಟ ದಿನ ನಾನು ಸುತ್ತಲೂ ಓಡಾಡಿ 47 ಫೋಟೋ ತೆಗೆದಿದ್ದೆ. ಇದು ಹೊಸ ಗಾಡಿ ಅಲ್ಲ, ನನಗಿಂತ ಮುಂಚೆ ಬೇರೆಯವರು ಓಡಿಸಿದ್ದು. ಬಲಗಡೆ ಮೆಟ್ಟಿಲು ಸೊಟ್ಟಗಿತ್ತು, ಬಂಪರ್ ಮೂಲೇಲಿ ಗೀರು, ಮುಂದಿನ ಗಾಜಲ್ಲಿ ಕಲ್ಲು ಹೊಡೆದ ಚುಕ್ಕೆ. ಎಲ್ಲವನ್ನೂ ಬರೆಸಿ ಆಮೇಲೇ ಸಹಿ ಹಾಕಿದ್ದೆ. ಹಲಗೆ ಸೀಳಿದ ದಿನ ಬಂಪರ್ ಗೀರನ್ನೂ ನನ್ನ ಲೆಕ್ಕಕ್ಕೇ ಬರೆಯೋಕೆ ಹೊರಟಿದ್ರು. ತಾರೀಖು ಇರೋ ಫೋಟೋ ತೋರಿಸಿದೆ, ಹೊಡೆದುಹಾಕಿದ್ರು. 'ಗಾಡಿ ತಗೊಳ್ಳೋ ಮುಂಚೆ ಸುತ್ತು ಹಾಕು' ಅಂತ ನೀವು ನನಗೆ ಎಷ್ಟು ಸಲ ಹೇಳಿದ್ದೀರಿ.

ಆ ಸುತ್ತು ಇಲ್ಲಿ ಕಾನೂನೇ ಆಗಿದೆ. ಹೊರಡೋ ಮುಂಚೆ ಗಾಡಿ ಪೂರ್ತಿ ನೋಡಿ ಬರೆದಿಡಬೇಕು, ಅದು 24 ಗಂಟೆಗೆ ಮಾತ್ರ ಲೆಕ್ಕ. ಪೋಲೀಸರು ನಿಲ್ಲಿಸಿದಾಗ ಅದನ್ನ ತೋರಿಸಬೇಕು. ಸಣ್ಣ ದೋಷ ಇದ್ರೆ ಬರೆದು ಕಂಪನಿಗೆ ತಿಳಿಸಬೇಕು, ದೊಡ್ಡ ದೋಷ ಇದ್ರೆ ಗಾಡಿ ಅಲ್ಲಾಡಿಸೋ ಹಾಗೇ ಇಲ್ಲ, ಎಷ್ಟೇ ಅರ್ಜೆಂಟ್ ಲೋಡ್ ಇರಲಿ. ನನಗೆ ಅರ್ಧ ಗಂಟೆ ಹಿಡಿಯುತ್ತೆ. ಹಳಬರು ಹತ್ತು ನಿಮಿಷಕ್ಕೆ ಮುಗಿಸ್ತಾರೆ. ಅವರನ್ನ ನೋಡಿ ನಾನು ಅವಸರ ಮಾಡಲ್ಲ ಅಮ್ಮ, ಇದನ್ನು ನೀನು ನಂಬು.

ಏನೇನು ನೋಡ್ತೀನಿ ಅಂತ ಅಪ್ಪ ಕೇಳಿದ್ದಾರೆ. ಬಾನೆಟ್ ಮುಂದಕ್ಕೆ ಬಾಗಿಸಿ ಆಯಿಲ್ ಕಡ್ಡಿ, ಕೂಲೆಂಟ್, ಬೆಲ್ಟ್. ನೆಲದ ಮೇಲೆ ಹೊಸದಾಗಿ ಏನಾದ್ರೂ ತೊಟ್ಟಿಕ್ಕಿದೆಯಾ ಅಂತ ಟಾರ್ಚ್ ಬಿಟ್ಟು ನೋಡ್ತೀನಿ. ಮುಂದಿನ ಟೈರ್ ತಣ್ಣಗಿದ್ದಾಗ 100ರಿಂದ 110 ಪೌಂಡ್ ಗಾಳಿ. 18 ಚಕ್ರಕ್ಕೂ ಕೈ ತಾಗಿಸ್ತೀನಿ, ಜೋಡಿ ಟೈರ್ ಮಧ್ಯೆ ಕಲ್ಲು ಸಿಕ್ಕಿದೆಯಾ ಅಂತಲೂ ನೋಡ್ತೀನಿ. ನಟ್ಟಿನ ಬುಡದಿಂದ ತುಕ್ಕು ಗೆರೆ ಇಳಿದಿದ್ರೆ ಅದು ಸಡಿಲ ಆಗಿದೆ ಅಂತ ಅರ್ಥ, ಅದನ್ನ ನೀವು ಹೇಳಿಕೊಟ್ಟಿದ್ದೇ. ಚಕ್ರ ಬಿಚ್ಚಿ ಹಾಕಿಸಿದ್ರೆ 80ರಿಂದ 160 ಕಿ.ಮೀ. ಓಡಿದ ಮೇಲೆ ನಟ್ಟು ಮತ್ತೆ ಬಿಗಿ ಮಾಡಿಸ್ತಾರೆ. ಎಂಜಿನ್ ಆಯಿಲ್ ಸುಮಾರು 40 ಲೀಟರ್ ಹಿಡಿಯುತ್ತೆ, ನಮ್ಮ ಗಾಡಿಗೆ 50,000 ಕಿ.ಮೀ.ಗೆ ಒಂದು ಸಲ ಬದಲಾಯಿಸ್ತಾರೆ. ನೀವು ನಂಬಲ್ಲ ಅಂತ ಗೊತ್ತು, ನಾನೂ ಮೆಕ್ಯಾನಿಕ್ಕನ್ನ ಎರಡು ಸಲ ಕೇಳಿದೆ.

ಟ್ರೈಲರ್ ಕೊಂಡಿ ಹಾಕಿದ ಮೇಲೆ ಟಾರ್ಚ್ ಹಿಡಿದು ಗಾಡಿ ಕೆಳಗೆ ತೂರ್ತೀನಿ. ಕಿಂಗ್‌ಪಿನ್, ಅಂದ್ರೆ ಟ್ರೈಲರ್ ಕೆಳಗಿರೋ ಕೊಂಡಿಯ ಗೂಟ, ಅದರ ಸುತ್ತ ಕಬ್ಬಿಣದ ದವಡೆ ಪೂರ್ತಿ ಮುಚ್ಚಿಕೊಂಡಿದೆಯಾ, ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ನಡುವೆ ಬೆಳಕು ಕಾಣದ ಹಾಗೆ ಕೂತಿದೆಯಾ ಅಂತ ಕಣ್ಣಾರೆ ನೋಡದೆ ಏಳಲ್ಲ. ಬಟ್ಟೆಗೆ ಗ್ರೀಸ್ ಆಗುತ್ತೆ, ಆಗಲಿ. ಆಮೇಲೆ ಟ್ರೈಲರ್ ಬ್ರೇಕ್ ಹಿಡಿದಿರೋ ಹಾಗೇ ಗಾಡಿಯನ್ನ ಮೆಲ್ಲಗೆ ಮುಂದಕ್ಕೆ ಎಳೆದು ನೋಡ್ತೀನಿ. ಬಿಟ್ಟುಕೊಳ್ಳದಿದ್ರೆ ಸರಿ.

ಬ್ರೇಕು ನಿಮ್ಮ ಗಾಡಿ ಥರಾನೇ ಏರ್ ಬ್ರೇಕ್. ಎಂಜಿನ್ ನಿಲ್ಲಿಸಿ, ಪೆಡಲ್ ಒಂದು ನಿಮಿಷ ತುಳಿದು ಹಿಡಿದು ಗಾಳಿ ಇಳಿಯುತ್ತಾ ನೋಡಬೇಕು. ಆಮೇಲೆ ಪೆಡಲ್ ಒತ್ತಿ ಒತ್ತಿ ಗಾಳಿ ಇಳಿಸಿದ್ರೆ 60 ಪೌಂಡ್ ಹತ್ತಿರ ಬಜರ್ ಕೂಗಬೇಕು. ಕೂಗದಿದ್ರೆ ಆ ದಿನ ಗಾಡಿ ಹೊರಡಲ್ಲ. ಸಂಜೆ ಗಾಳಿ ಟ್ಯಾಂಕಲ್ಲಿ ಸೇರಿದ ನೀರು ಬಿಡ್ತೀನಿ, ಇಲ್ಲದಿದ್ರೆ ಈ ಚಳಿಗೆ ಪೈಪಲ್ಲೇ ಗಡ್ಡೆ ಕಟ್ಟುತ್ತೆ.

ಚಳಿ ಅಂದ್ನಲ್ಲ, ಅದನ್ನ ಹೇಗೆ ಹೇಳಲಿ. ಮೊನ್ನೆ ಬೆಳಿಗ್ಗೆ ಸೊನ್ನೆಗಿಂತ 31 ಡಿಗ್ರಿ ಕೆಳಗೆ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದ್ರೆ ಚರ್ಮ ಅಂಟಿಕೊಳ್ಳುತ್ತೆ. ಯಾರ್ಡಲ್ಲಿ ರಾತ್ರಿ ಗಾಡಿ ನಿಲ್ಲಿಸಿದ್ರೆ ಎಂಜಿನ್ನಿಗೆ ಕರೆಂಟ್ ವೈರ್ ಚುಚ್ಚಿ ಬೆಚ್ಚಗಿಡ್ತಾರೆ, ಸಾಲಾಗಿ ಎಲ್ಲ ಗಾಡಿಗಳಿಗೂ ವೈರ್. ಪುಟ್ಟನಿಗೆ ಇದು ಹೇಳಿ, ಫೋಟೋ ಕಳಿಸ್ತೀನಿ. ಹಗಲು ಓಡಿದ ಬಿಸಿಗೆ ಬ್ರೇಕ್ ಡ್ರಮ್ಮಿನ ಮೇಲಿನ ಹಿಮ ಕರಗಿ ಒಳಗೆ ಇಳಿಯುತ್ತೆ, ರಾತ್ರಿ ಬ್ರೇಕ್ ಹಾಕಿ ನಿಲ್ಲಿಸಿದ್ರೆ ಲೈನಿಂಗು ಡ್ರಮ್ಮಿಗೆ ಕಚ್ಚಿಕೊಂಡು ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ಹಾಗೇ ಎಳೆದ್ರೆ ಚಕ್ರ ತಿರುಗದೆ ಹಿಮದ ಮೇಲೆ ಜಾರಿಕೊಂಡೇ ಬರುತ್ತೆ, ಡ್ರೈವರಿಗೆ ಗೊತ್ತೂ ಆಗಲ್ಲ. ಡಾಂಬರು ಸಿಕ್ಕಿದ ಮೇಲೆ ಟೈರ್ ಒಂದೇ ಕಡೆ ಸವೆದು ಚಪ್ಪಟೆ. ಅದಕ್ಕೆ ಹೊರಟ ಮೊದಲ ಹತ್ತು ಮಾರು ಕನ್ನಡಿಯಲ್ಲಿ ಹಿಂದಿನ ಚಕ್ರ ನೋಡ್ತಾನೇ ಹೋಗ್ತೀನಿ. ಹೋದ ವಾರ ಎಡಗಡೆ ಕೊನೇ ಚಕ್ರ ತಿರುಗ್ತಿರಲಿಲ್ಲ. ಇಳಿದು ಸುತ್ತಿಗೇಲಿ ಡ್ರಮ್ಮಿಗೆ ಹದವಾಗಿ ನಾಲ್ಕು ತಟ್ಟಿದೆ, 'ಟಕ್' ಅಂತ ಬಿಟ್ಟುಕೊಂಡಿತು. ಆ ಸದ್ದು ಕೇಳಿ ನಿಮ್ಮ ನೆನಪಾಯಿತು ಅಪ್ಪಾ. ನೀವು ಕತ್ತಲಲ್ಲಿ ಟೈರಿಗೆ ರಾಡಲ್ಲಿ ತಟ್ಟಿ, ಸದ್ದಲ್ಲೇ ಗಾಳಿ ಹೇಳ್ತಿದ್ರಿ.

ಡೀಸೆಲ್ ಟ್ಯಾಂಕ್ ಪಕ್ಕ ಇನ್ನೊಂದು ಸಣ್ಣ ಟ್ಯಾಂಕ್ ಇದೆ, ನೀಲಿ ಮುಚ್ಚಳದ್ದು. ಅದಕ್ಕೆ ಯೂರಿಯಾ ನೀರು ಹಾಕಬೇಕು. ಹೌದು, ಯೂರಿಯಾನೇ, ಹೊಗೆಯ ವಿಷ ಕಡಿಮೆ ಮಾಡೋಕೆ. ಅದಲು ಬದಲಾಗಿ ಒಂದರದ್ದು ಇನ್ನೊಂದಕ್ಕೆ ಬಿದ್ರೆ ರಿಪೇರಿ ಖರ್ಚು ಭಾರಿ. ಹೊಸಬರು ನಿದ್ದೆಗಣ್ಣಲ್ಲಿ ಮಾಡೋ ತಪ್ಪು ಅದೇ ಅಂತೆ. ನಾನು ಮುಚ್ಚಳದ ಮೇಲೆ ಕೈಯಿಟ್ಟು ಬಣ್ಣ ಬಾಯಿಬಿಟ್ಟು ಹೇಳಿಕೊಂಡೇ ಪೈಪ್ ಎತ್ತೋದು.

ಈಗ ಮಾವನ ವಿಷಯ. ಕಂಪನಿ ಗಾಡಿ ಮುರಿದ್ರೆ ಜೀವಮಾನ ಪೂರ್ತಿ ತೀರಿಸಬೇಕು, ಜಾಮೀನು ಹಾಕಿದವರನ್ನೂ ಹಿಡೀತಾರೆ ಅಂತ ಯಾರೋ ಮಾವನಿಗೆ ಹೇಳಿದ್ದಾರೆ. ಮಾವ ಎರಡು ಸಲ ಮನೆಗೆ ಬಂದು ಜಗಲಿ ಮೇಲೆ ಕೂತು ಎದ್ದು ಹೋದರು, ಏನೂ ಕೇಳಲಿಲ್ಲ ಅಂತ ಅಕ್ಕ ಬರೆದಿದ್ದಾಳೆ. ಅದನ್ನ ಓದಿ ನನಗೆ ತುಂಬ ಸಂಕಟ ಆಯಿತು. ಬೈದಿದ್ರೂ ಇಷ್ಟು ಆಗ್ತಿರಲಿಲ್ಲ. ಅಪ್ಪಾ, ಮಾವನಿಗೆ ನೀವೇ ಹೋಗಿ ಹೇಳಿ. ಗಾಡಿಗೆ ಇನ್ಶೂರೆನ್ಸ್ ಕಂಪನಿಯದ್ದೇ. ನಾನು ಸಹಿ ಹಾಕಿದ ಕರಾರಿನ ಒಂದೊಂದು ಹಾಳೆಯನ್ನೂ ಇಲ್ಲಿ ಕಾನೂನು ಗೊತ್ತಿರೋರ ಹತ್ತಿರ ಓದಿಸಿದ್ದೀನಿ. ಮಾವನ ಸಹಿ ಇರೋದು ಊರಿನ ಸಾಲದ ಪತ್ರದ ಮೇಲೆ ಮಾತ್ರ, ಇಲ್ಲಿನ ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಆ ಸಾಲದ ಕಂತು ಇದುವರೆಗೆ ಒಂದೂ ತಪ್ಪಿಲ್ಲ, ಈ ತಿಂಗಳದ್ದೂ ಸೋಮವಾರ ಹಾಕಿದ್ದೀನಿ. ಸಂಬಳದ ಚೀಟಿ ಅಕ್ಕನ ಫೋನಿಗೆ ಕಳಿಸಿದ್ದೀನಿ, ಅದನ್ನೂ ಮಾವನಿಗೆ ತೋರಿಸಿ. ಓದಿ ತೋರಿಸಿ ಅಂತಲ್ಲ, ಅವರ ಕೈಗೇ ಕೊಡಿ.

ಅಮ್ಮ, ನಿದ್ದೆ ಇಲ್ಲದೆ ಓಡಿಸ್ತಾನೇನೋ ಅಂತ ನಿನಗೆ ಭಯ. ಇಲ್ಲಿ ಹಾಗೆ ಬಿಡೋದೇ ಇಲ್ಲ. ದಿನಕ್ಕೆ 13 ಗಂಟೆಗಿಂತ ಜಾಸ್ತಿ ಓಡಿಸೋ ಹಾಗಿಲ್ಲ, 10 ಗಂಟೆ ಬಿಡುವು ತಗೊಳ್ಳಲೇಬೇಕು, ಅದರಲ್ಲಿ 8 ಗಂಟೆ ಒಂದೇ ಸಮ. ಡ್ಯಾಶ್‌ಬೋರ್ಡಲ್ಲಿರೋ ಮೆಷಿನ್ನು ನಿಮಿಷ ನಿಮಿಷದ ಲೆಕ್ಕ ಇಡುತ್ತೆ. ಈ ಒಂಟಾರಿಯೋ ಪ್ರಾಂತ್ಯದಲ್ಲಿ ದೊಡ್ಡ ಗಾಡಿಗಳಿಗೆಲ್ಲ ಗಂಟೆಗೆ 105 ಕಿ.ಮೀ.ಗೆ ವೇಗ ಕಟ್ಟಿಹಾಕಿದ್ದಾರೆ, 2009ರಿಂದ ಅದೇ ಕಾನೂನು. ಲೈಸೆನ್ಸ್ ಕೊಡೋ ಮುಂಚೆ 103.5 ಗಂಟೆ ತರಬೇತಿ ಕಡ್ಡಾಯ, ನಾನು ಅಷ್ಟನ್ನೂ ಮುಗಿಸಿದ್ದೀನಿ. ಸೀಟಿನ ಹಿಂದೇನೇ ಹಾಸಿಗೆ ಇದೆ, ಹೀಟರ್ ಇದೆ, ಎರಡು ಕಂಬಳಿ ಇದೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡ್ತೀನಿ, ಕ್ಯಾಬಿನ್ ಮನೆ ಥರಾನೇ ಇಟ್ಟುಕೊಂಡಿದ್ದೀನಿ. ಹೋದ ಸಲ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಒಳಗೆ ಹತ್ತೋಕೆ ಸೀಟಿನ ಮೇಲೆ ಕವರ್ ಹಾಸಿಕೊಂಡ. ಬೇರೆ ಗಾಡಿಗಳಿಗೆ ಹಾಸಿಕೊಳ್ಳೋದು ನಾನು ನೋಡಿಲ್ಲ.

ಈಗ ನಿಂತಿರೋದು ವಾವಾ ಅನ್ನೋ ಊರಲ್ಲಿ, ಹೆದ್ದಾರಿ ಪಕ್ಕ ದೊಡ್ಡದೊಂದು ಹೆಬ್ಬಾತು ವಿಗ್ರಹ ನಿಲ್ಲಿಸಿದ್ದಾರೆ. ದಿನವಿಡೀ ಸುಪೀರಿಯರ್ ಸರೋವರದ ದಡದಲ್ಲೇ ಬಂದೆ. ಸರೋವರ ಅಂತಾರೆ, ಆ ಕಡೆ ದಡವೇ ಕಾಣಲ್ಲ, ಅಲೆ ಬಡೀತಿರುತ್ತೆ. ಸಂಜೆ ಮೇಲೆ ಮೂಸ್ ಅಂತ ಕುದುರೆಗಿಂತ ಎತ್ತರದ ಜಿಂಕೆ ರಸ್ತೆಗೆ ಬರುತ್ತೆ ಅಂತ ಬೋರ್ಡ್ ಹಾಕಿರ್ತಾರೆ. ಕತ್ತಲಾದ ಮೇಲೆ ನಾನು ವೇಗ ಇಳಿಸ್ತೀನಿ, ಹಿಂದಿನವರು ದಾಟಿಕೊಂಡು ಹೋಗಲಿ.

ಅಪ್ಪಾ, ರಿವರ್ಸ್ ತೆಗೆಯುವಾಗ ಇಳಿದು ನೋಡೋಕೆ ನಾಚಿಕೆ ಪಡಬೇಡ ಅಂತ ಬರೆಸಿದ್ದೀರಿ. ಪಡಲ್ಲ. ನಿನ್ನೆ ಸರಕು ಹತ್ತಿಸಿ ಇಳಿಸೋ ಒಂದೇ ಡಾಕಿಗೆ ಗಾಡಿ ಹಾಕುವಾಗ ನಾಲ್ಕು ಸಲ ಇಳಿದೆ. ಹಿಂದೆ ಕಾಯ್ತಿದ್ದವನು ಹಾರನ್ ಹೊಡೆದ, ಹೊಡೆದುಕೊಳ್ಳಲಿ ಅಂತ ಐದನೇ ಸಲವೂ ಇಳಿದು ನೋಡಿ ಹಾಕಿದೆ. ಒಂದು ಬೆರಳೂ ತಾಗಲಿಲ್ಲ.

ಮೆಷಿನ್ನಲ್ಲಿ ಬಿಡುವಿನ ಗಂಟೆ ಮುಗೀತಾ ಬಂತು, ಹೊರಗೆ ಇನ್ನೂ ಕತ್ತಲು, ಸುತ್ತು ಹಾಕಬೇಕು. ಅಪ್ಪ ಕಣ್ಣಿನ ಡ್ರಾಪ್ಸ್ ಬಿಡದೆ ಹಾಕಿಕೊಳ್ಳಿ. ಅಮ್ಮ ಇವತ್ತು ರಾತ್ರಿ ಊಟ ಮಾಡಿದ್ಲಾ ಅಂತ ಅಕ್ಕ ನನಗೆ ಒಂದು ಮೆಸೇಜ್ ಹಾಕಬೇಕು, ಮರೀಬೇಡ. ಪುಟ್ಟನಿಗೆ ಬೈಯಬೇಡಿ. ಮಾವನ ಮನೆಗೆ ನಾಳೇನೇ ಹೋಗಿ. ನಾನು ಚೆನ್ನಾಗಿದ್ದೀನಿ, ಗಾಡಿ ಚೆನ್ನಾಗಿದೆ. ಉಳಿದದ್ದು ಮುಂದಿನ ಪತ್ರದಲ್ಲಿ.

ಇಂತಿ ನಿಮ್ಮ ಮಗ,
ಗುಂಡ