ಆ ಮಗುವಿನ ಉತ್ತರ ಸರಿಯಾಗಿತ್ತು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ಇಟ್ಟಿದ್ದರು. ಆರನೇ ಕ್ಲಾಸಿನ ನನ್ನ ಮೊಮ್ಮಗಳೂ ಸೇರಿದ್ದಳು. 99 ಅನ್ನು ರೋಮನ್ ಅಂಕಿಯಲ್ಲಿ ಬರೆಯಬೇಕು ಎಂಬ ಪ್ರಶ್ನೆ ಬಂತು. ಅವಳು ಬೋರ್ಡಿನ ಮೇಲೆ ಎಕ್ಸ್-ಸಿ-ಐ-ಎಕ್ಸ್ ಎಂದು ಬರೆದಳು. ನಡೆಸುತ್ತಿದ್ದವರು ಕೈಯಲ್ಲಿದ್ದ ಹಾಳೆ ನೋಡಿ, "ತಪ್ಪು, ಸರಿ ಉತ್ತರ ಐ-ಸಿ" ಎಂದರು. ಅಂಕ ಪಕ್ಕದ ತಂಡಕ್ಕೆ ಹೋಯಿತು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ, "ಅಜ್ಜ, ನೀನು ಹೇಳಿಕೊಟ್ಟಿದ್ದು ಸುಳ್ಳಾ?" ಎಂದು ಕೇಳಿ ಅತ್ತುಬಿಟ್ಟಳು.

ಅವಳು ಬರೆದದ್ದು ಸರಿ. ಹಾಳೆಯಲ್ಲಿದ್ದದ್ದು ತಪ್ಪು. ಇದನ್ನು ನಾನು ಸುಮ್ನೆ ಮೊಮ್ಮಗಳ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ. ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ 31 ವರ್ಷ ಅಚ್ಚಿನ ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ತುಂಡು, ಜೋಡಿಸಿದವನು ನಾನು. ರೋಮನ್ ಅಂಕಿಗಳನ್ನು ಕಲಿತದ್ದು ಶಾಲೆಯಲ್ಲಲ್ಲ, ಅಲ್ಲಿಯೇ. ಪ್ರೂಫ್ ಓದುವಾಗ ಒಬ್ಬರು ಅಕ್ಷರ ಬಿಡಿಸಿ ಕೂಗುತ್ತಿದ್ದೆವು, ಇನ್ನೊಬ್ಬರು ನೋಡುತ್ತಿದ್ದೆವು. ಈ ಪತ್ರದಲ್ಲೂ ಹಾಗೇ ಬಿಡಿಸಿ ಬರೆದಿದ್ದೇನೆ.

ಇರುವುದು ಏಳೇ ಅಕ್ಷರ. ಐ ಅಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ದೊಡ್ಡದರ ಬಲಕ್ಕೆ ಸಣ್ಣದು ನಿಂತರೆ ಕೂಡಬೇಕು. ಎಡಕ್ಕೆ ನಿಂತರೆ ಕಳೆಯಬೇಕು. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಮುಂದಿನ ಮಾತನ್ನೇ ಬಿಟ್ಟುಬಿಡುತ್ತಾರೆ. ಯಾವ ಸಣ್ಣದನ್ನು ಬೇಕಾದರೂ ಯಾವ ದೊಡ್ಡದರಿಂದ ಬೇಕಾದರೂ ಕಳೆಯುವ ಹಾಗಿಲ್ಲ. ಐ ಅನ್ನು ವಿ ಮತ್ತು ಎಕ್ಸ್‌ನಿಂದ ಮಾತ್ರ ಕಳೆಯಬಹುದು. ಎಕ್ಸ್ ಅನ್ನು ಎಲ್ ಮತ್ತು ಸಿ ಇಂದ. ಸಿ ಅನ್ನು ಡಿ ಮತ್ತು ಎಂ ಇಂದ. ಅಲ್ಲಿಗೆ ಮುಗಿಯಿತು. ಕಳೆಯುವ ಜೋಡಿಗಳು ಒಟ್ಟು ಆರು: 4, 9, 40, 90, 400, 900. ಐ ಹೋಗಿ ಸಿ ಪಕ್ಕದಲ್ಲಿ ನಿಲ್ಲುವ ಜೋಡಿ ಇದರಲ್ಲಿ ಇಲ್ಲ.

ನಮ್ಮ ಮಕ್ಕಳಿಗೆ ಇದು ಕಷ್ಟವೇ ಆಗಬಾರದು. ಹಳಗನ್ನಡದಲ್ಲಿ ಹತ್ತಕ್ಕೆ ಪತ್ತು ಎನ್ನುತ್ತಿದ್ದರು. ಒಂಬತ್ತು ಎಂಬ ಮಾತಿನೊಳಗೆ ಆ ಪತ್ತು ಇನ್ನೂ ಕೂತಿದೆ. ಹತ್ತಕ್ಕೆ ಒಂದು ಕಮ್ಮಿ ಎಂಬುದೇ ಒಂಬತ್ತು ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಐ-ಎಕ್ಸ್ ಹೇಳುವುದೂ ಅದನ್ನೇ ಅಲ್ವಾ? ನೂರಕ್ಕೆ ಹತ್ತು ಕಮ್ಮಿ ಅಂದರೆ ಎಕ್ಸ್-ಸಿ, ನಮ್ಮ ತೊಂಬತ್ತು. ಎರಡನ್ನೂ ಬಾಯಲ್ಲಿ ಹೇಳುವ ಕ್ರಮದಲ್ಲೇ ಪಕ್ಕಪಕ್ಕ ಇಡಿ. ತೊಂಬತ್ತು, ಒಂಬತ್ತು. ಎಕ್ಸ್-ಸಿ, ಐ-ಎಕ್ಸ್. ನನ್ನ ಮೊಮ್ಮಗಳು ಬೋರ್ಡಿನ ಮೇಲೆ ಬರೆದದ್ದು ಇದನ್ನೇ.

ಇನ್ನು ಪ್ರೆಸ್ಸಿನ ಮಾತು. ಎಡ ಬಲ ಯಾಕೆ ಇಷ್ಟು ಮುಖ್ಯ ಎಂದು ನನಗೆ ಅರ್ಥವಾದದ್ದು ಒಂದು ದೊಡ್ಡ ತಪ್ಪಿನಿಂದ. ಕೆಲಸಕ್ಕೆ ಸೇರಿ ಎರಡನೇ ವರ್ಷ. ನಮ್ಮ ಕಡೆಯ ಶಾಸನಗಳ ಬಗ್ಗೆ ಒಬ್ಬ ಮೇಷ್ಟ್ರು ಬರೆದ ಪುಸ್ತಕ ಅಚ್ಚಿಗೆ ಬಂದಿತ್ತು. ಪುಟದ ಕೆಳಗೆಲ್ಲ ಅಡಿಟಿಪ್ಪಣಿ. ನಮ್ಮ ನಾಡಿನ ಶಾಸನಗಳನ್ನು ಜಿಲ್ಲೆವಾರು ಕೂಡಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಸಂಖ್ಯೆ ಎಲ್ಲ ರೋಮನ್ ಅಂಕಿಯಲ್ಲಿ. ಫಾರಂ ಕಟ್ಟುವಾಗ, ಅಂದರೆ ಜೋಡಿಸಿದ ಪುಟಗಳನ್ನು ಚೌಕಟ್ಟಿಗೆ ಬಿಗಿಯುವಾಗ, ಒಂದು ಕಡೆ ಎರಡು ಮೊಳೆ ಉದುರಿದವು. ಎತ್ತಿ ಕೂರಿಸಿದೆ. ಮೊಳೆಯ ಮೇಲೆಯೇ ಕಣ್ಣಾಡಿಸಿದೆ. ವಿ-ಐ ಎಂದು ಸರಿಯಾಗಿ ಕಂಡಿತು. ಮಷೀನಿಗೆ ಕೊಟ್ಟೆ.

ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತದೆ, ಸಾಲೂ ಬಲದಿಂದ ಎಡಕ್ಕೆ ಓಡುತ್ತದೆ. ಅ, ಜ ಇಂಥವು ಉಲ್ಟಾ ಇದ್ದರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಐ, ವಿ, ಎಕ್ಸ್ ಹಾಗಲ್ಲ. ಕನ್ನಡಿಯಲ್ಲೂ ಅವು ಹಾಗೇ ಕಾಣುತ್ತವೆ. ಆದ್ದರಿಂದ ಮೊಳೆಯಲ್ಲಿ ವಿ-ಐ ಎಂದು ಚೆಂದವಾಗಿ ಕಂಡದ್ದು ಕಾಗದದ ಮೇಲೆ ಐ-ವಿ ಆಗಿ ಬಿತ್ತು. 6 ಹೋಗಿ 4 ಆಯಿತು. ಆರನೇ ಸಂಪುಟ ಆಗಿನ ಕಡೂರು ಜಿಲ್ಲೆಯದು, ಅಂದರೆ ಈಗಿನ ಚಿಕ್ಕಮಗಳೂರು. ನಾಲ್ಕನೆಯದು ಮೈಸೂರು ಜಿಲ್ಲೆಯದು. ನಾನು ಒಂದು ಗೆರೆಯನ್ನು ಬಲದಿಂದ ಎಡಕ್ಕೆ ಹಾಕಿ, ಘಟ್ಟದ ಸೀಮೆಯ ಕಲ್ಲೊಂದನ್ನು ಮೈಸೂರಿಗೆ ಕಳಿಸಿಬಿಟ್ಟಿದ್ದೆ. ಮೇಷ್ಟ್ರು ಬೈಯಲಿಲ್ಲ. ಸಂಪುಟವನ್ನೇ ತಂದು ತೋರಿಸಿದರು. 500 ಪ್ರತಿಗಳಿಗೂ ಒಪ್ಪೋಲೆ, ಅಂದರೆ ತಪ್ಪು ತಿದ್ದುವ ಚೀಟಿ, ಅಚ್ಚು ಹಾಕಿ, ಕೈಯಾರೆ ಗೋಂದು ಹಚ್ಚಿ ಅಂಟಿಸಿದೆ. ಮೂರು ದಿನ ಹಿಡಿಯಿತು.

ನಮ್ಮ ಜಿಲ್ಲೆಯ ಶಾಸನಗಳು ಆ ಸಾಲಿನ ಏಳು ಮತ್ತು ಎಂಟನೇ ಸಂಪುಟದಲ್ಲಿವೆ. ತಾಳಗುಂದದ ಕದಂಬರ ಕಂಬದ ಶಾಸನ ಏಳರಲ್ಲಿ, ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ ಎಂದು. ವಿ-ಐ-ಐ. ಒಂದು ಐ ಜಾಸ್ತಿ ಬಿದ್ದರೆ ಎಂಟಾಯಿತು. ಅದು ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಸಂಪುಟ. ಹುಡುಕುವವರು ಅದರ ಪುಟ ಎಷ್ಟು ತಿರುವಿದರೂ ತಾಳಗುಂದ ಸಿಗುವುದಿಲ್ಲ.

ಪುಸ್ತಕದ ಮುನ್ನುಡಿಯ ಪುಟಗಳಿಗೂ ನಾವು ಸಣ್ಣ ರೋಮನ್ ಅಂಕಿ ಹಾಕುತ್ತಿದ್ದೆವು. ಮುನ್ನುಡಿ ಯಾವಾಗಲೂ ಕೊನೆಗೆ ಕೈಸೇರುತ್ತದೆ. ಅಷ್ಟರಲ್ಲಿ ಒಳಗಿನ ಪುಟಗಳಿಗೆ 1ರಿಂದ ಸಂಖ್ಯೆ ಬಿದ್ದು ಅಚ್ಚಾಗಿರುತ್ತಿತ್ತು, ಅದಕ್ಕೇ ಮುನ್ನುಡಿಗೆ ಬೇರೆ ಅಂಕಿ.

ಮೊಮ್ಮಗಳಿಗೆ ಹೇಳಿಕೊಡಲು ಈಗ ನನ್ನ ಹತ್ತಿರ ಮೊಳೆ ಇಲ್ಲ. ಹಿಡಿಕಡ್ಡಿ ಮುರಿದು ಜಗಲಿಯ ಮೇಲೆ ಇಟ್ಟೆವು. ಐ, ವಿ, ಎಕ್ಸ್, ಎಲ್ ನಾಲ್ಕಕ್ಕೂ ಕಡ್ಡಿ ಸಾಕು. ಸಿ ಮತ್ತು ಡಿ ಆಕಾರಕ್ಕೆ ಕಡ್ಡಿ ಬಗ್ಗುವುದಿಲ್ಲ, ಆ ಎರಡನ್ನು ಸೀಮೆಸುಣ್ಣದಲ್ಲಿ ಬರೆದೆವು. ವಿ ಬಲಕ್ಕಿದ್ದ ಕಡ್ಡಿಯನ್ನು ಎಡಕ್ಕೆ ಸರಿಸಿದಳು, 6 ಹೋಗಿ 4 ಆಯಿತು. ಆ ಹೊತ್ತಿಗೆ ಅವಳ ಮುಖ ನೋಡಬೇಕಿತ್ತು. ಮರುದಿನ ವರ್ಷಗಳಿಗೆ ಬಂದಳು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964. ಬಾಯಲ್ಲಿ ಹೇಳುವ ಹಾಗೆ ಒಡೆದಳು. ಸಾವಿರಕ್ಕೆ ಎಂ. ಒಂಬೈನೂರು, ಅಂದರೆ ಸಾವಿರಕ್ಕೆ ನೂರು ಕಮ್ಮಿ, ಸಿ-ಎಂ. ಅರವತ್ತಕ್ಕೆ ಎಲ್-ಎಕ್ಸ್. ನಾಲ್ಕಕ್ಕೆ ಐ-ವಿ. ಸೇರಿಸಿದರೆ ಎಂ-ಸಿ-ಎಂ-ಎಲ್-ಎಕ್ಸ್-ಐ-ವಿ. ಓದುವಾಗಲೂ ಇದೇ ತುಂಡುಗಳು. ಮೊದಲು ಕಳೆಯುವ ಜೋಡಿಗಳನ್ನು ಗುರುತಿಸಿ ಬೆರಳಿಡು, ಉಳಿದದ್ದನ್ನು ಕೂಡು ಎಂದೆ. ಅಷ್ಟೇ ಸಾಕಾಯಿತು.

ಆದರೆ ಎಷ್ಟೋ ಕಡೆ 1ರಿಂದ 100ರವರೆಗೆ ಪಟ್ಟಿ ಕೊಟ್ಟು ಹತ್ತು ಸಲ ಬರೆಸಿ ಬಾಯಿಪಾಠ ಮಾಡಿಸುತ್ತಾರೆ. ನಮ್ಮ ಬೀದಿಯ ಇಬ್ಬರು ಮಕ್ಕಳು ನನ್ನೆದುರು ಆ ಪಟ್ಟಿಯನ್ನು ಗಡಗಡ ಒಪ್ಪಿಸಿದರು. 149 ಬರೆಯಿರಿ ಎಂದರೆ ಪೆನ್ಸಿಲ್ ನಿಂತುಹೋಯಿತು. ಪಟ್ಟಿಯಲ್ಲಿ ಅದು ಇಲ್ಲವಲ್ಲ. ಮಕ್ಕಳ ಅಷ್ಟು ಹೊತ್ತು, ಅಷ್ಟು ಹಾಳೆ ವ್ಯರ್ಥವಾದದ್ದು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ರೋಮನ್ನರ ಕಾಲದಲ್ಲಿ ನಿಯಮ ಇಷ್ಟು ಬಿಗಿಯಾಗಿರಲಿಲ್ಲ. ರೋಮಿನ ಕೊಲೋಸಿಯಂನ 44ನೇ ಬಾಗಿಲಿನ ಮೇಲೆ ಎಕ್ಸ್-ಎಲ್ ಆದ ಮೇಲೆ ನಾಲ್ಕು ಐ ಕೆತ್ತಿದ್ದಾರೆ. ನಮ್ಮ ಮನೆಯ ಹಳೇ ಗೋಡೆ ಗಡಿಯಾರದಲ್ಲೂ ನಾಲ್ಕು ಗಂಟೆಗೆ ನಾಲ್ಕು ಗೆರೆ ಇವೆ. ಗಡಿಯಾರದವರು ಹಾಗೆ ಬರೆಯುವುದು ಹಳೆಯ ರೂಢಿ. ಮಕ್ಕಳು ಅದನ್ನು ನೋಡಿ ಕೇಳಿದರೆ ಹಾಗೇ ಹೇಳಿ. ಗದರಬೇಡಿ. ಆದರೆ ಇವತ್ತು ಪಾಠದಲ್ಲಿ ಹೇಳಿಕೊಡುವ ಕ್ರಮ ಒಂದೇ. ಸ್ಪರ್ಧೆಯಲ್ಲಿ ಅಂಕ ಕೊಡುವವರು ಅದನ್ನು ತಿಳಿದಿರಬೇಕು.

ಸ್ಪರ್ಧೆ ನಡೆಸಿದವರ ಮನೆಗೆ ಹೋಗಿ ಮಾತಾಡಿದ್ದೇನೆ. "ಪ್ರಶ್ನೆಗಳನ್ನು ಯಾವುದೋ ಗೈಡಿನಿಂದ ತೆಗೆದಿದ್ದು, ಈಗೇನು ಮಾಡುವುದು?" ಎಂದರು. ಬಹುಮಾನ ಬದಲಾಯಿಸಿ ಎಂದು ನಾನು ಕೇಳಿಲ್ಲ. ಗೆದ್ದ ಮಕ್ಕಳೂ ಸಂತೋಷವಾಗಿರಲಿ. ಆ ದಿನ ಅಲ್ಲಿ ಕೂತಿದ್ದ ಮಕ್ಕಳೆಲ್ಲ 99 ಅಂದರೆ ಐ-ಸಿ ಎಂದು ಕಲಿತು ಮನೆಗೆ ಹೋಗಿದ್ದಾರೆ. ಅವರಿಗೆ ಒಪ್ಪೋಲೆ ಕಳಿಸುವವರು ಯಾರು?

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಪತ್ರಿಕೆಯ ವಿದ್ಯಾರ್ಥಿಗಳ ಪುಟದಲ್ಲಿ ಆ ಏಳು ಅಕ್ಷರ, ಆರು ಜೋಡಿಗಳನ್ನು ಒಂದು ಸಣ್ಣ ಚೌಕಟ್ಟಿನಲ್ಲಿ ಹಾಕಿ. ಅಂಗೈಯಷ್ಟು ಜಾಗ ಸಾಕು. 49, 99, 149 ಈ ಮೂರನ್ನು ಒಡೆದು ತೋರಿಸಿ. ಮಕ್ಕಳು ಕತ್ತರಿಸಿ ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಾರೆ. ಪ್ರೂಫ್ ನೋಡಲು ಕರೆದರೆ ನಾನೇ ಬಂದು ನೋಡಿಕೊಡುತ್ತೇನೆ.

ಇಂತಿ ನಮಸ್ಕಾರಗಳು,
ಒಬ್ಬ ನಿವೃತ್ತ ಕಂಪೋಸಿಟರ್
ಶಿವಮೊಗ್ಗ