ಕಿಡ್ನಿ ತೆಗೆಸಿಕೊಂಡವರ ಕಣ್ಣು ಮಂಜಾದರೆ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಎಂದು ಕಿಡ್ನಿ ತೆಗೆಸಿಕೊಂಡು ಹತ್ತು ವರ್ಷ ಆರಾಮಾಗಿದ್ದವರು, ಕಣ್ಣು ಮಂಜಾಯಿತೆಂದು ಬಂದಾಗ ಹಳೆಯ ಆಪರೇಷನ್ನಿನ ಮಾತನ್ನೇ ಎತ್ತುವುದಿಲ್ಲ. ಕಣ್ಣಿಗೂ ಕಿಡ್ನಿಗೂ ಎಲ್ಲಿಯ ನಂಟು ಎಂದುಕೊಳ್ಳುತ್ತಾರೆ. ನಂಟು ರಕ್ತದ್ದು. ಕಣ್ಣಿನ ಒಳಗಿನ ಬೆಳಕು ಗ್ರಹಿಸುವ ಪರದೆಯಾದ ಅಕ್ಷಿಪಟಲದ (ರೆಟಿನಾ) ಹಿಂದಿನ ಕೋರಾಯ್ಡ್ ಪದರ ರಕ್ತನಾಳಗಳ ದಟ್ಟ ಬಲೆ. ತೇಲಿಬಂದ ಕ್ಯಾನ್ಸರ್ ಕೋಶ ಹೆಚ್ಚಾಗಿ ತಂಗುವುದು ಅಲ್ಲೇ. ಕಣ್ಣಿಗೆ ಹರಡುವುದರಲ್ಲಿ ಸ್ತನ, ಶ್ವಾಸಕೋಶದ ಕ್ಯಾನ್ಸರುಗಳೇ ಮುಂದು, ಕಿಡ್ನಿಯದು ಅಪರೂಪ. ಆದರೆ ವರ್ಷಗಟ್ಟಲೆ ಸುಮ್ಮನಿದ್ದು ತಲೆ ಎತ್ತುವುದು ಇದರ ಚಾಳಿ.

ನೋವು ಸಾಮಾನ್ಯವಾಗಿ ಇರುವುದಿಲ್ಲ. ಗಡ್ಡೆಯಿಂದ ಒಸರಿದ ನೀರು ಅಕ್ಷಿಪಟಲವನ್ನು ಮೇಲೆತ್ತಿದಾಗ ಕಿಟಕಿಯ ಸರಳು ಸೊಟ್ಟ ಕಾಣುತ್ತದೆ, ಮಿಂಚು ಹೊಡೆದಂತಾಗುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಇದು ಗೊತ್ತೇ ಆಗದು. ಒಂದೊಂದನ್ನೇ ಮುಚ್ಚಿ ನೋಡಿಕೊಳ್ಳಬೇಕು. ಕನ್ನಡಕದ ನಂಬರು ಪರೀಕ್ಷೆಯಲ್ಲೂ ಸಿಗದು. ಹನಿ ಹಾಕಿ, ಪಾಪೆ ಅರಳುವವರೆಗೆ 20–30 ನಿಮಿಷ ಕಾದು, ಕಣ್ಣಿನ ಹಿಂಭಾಗವನ್ನೇ ನೋಡಬೇಕು.

ಬೇರೆ ಅಂಗಗಳಿಂದ ಬಂದ ಗಡ್ಡೆ ಸಾಮಾನ್ಯವಾಗಿ ಕೆನೆಹಳದಿ. ಕಿಡ್ನಿಯದು ಎಷ್ಟೋ ಸಲ ಕಿತ್ತಳೆಗೆಂಪು, ಅದರಲ್ಲಿ ರಕ್ತನಾಳಗಳು ಅಷ್ಟು ತುಂಬಿರುತ್ತವೆ. ಅವಸರದಲ್ಲಿ ಬಯಾಪ್ಸಿಗೆಂದು ಸೂಜಿ ಚುಚ್ಚಿದರೆ ಕಣ್ಣೊಳಗೆ ರಕ್ತ ಸೋರೀತು. ಮೊದಲು ಕಣ್ಣಿನ ಅಲ್ಟ್ರಾಸೌಂಡ್, ಜೊತೆಗೆ ಎದೆ-ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಲಿ. ಇಲ್ಲಿ ಮೋಸಹೋಗುವ ಜಾಗವೂ ಒಂದಿದೆ: ವಾನ್ ಹಿಪ್ಪೆಲ್-ಲಿಂಡೌ ಎಂಬ ವಂಶವಾಹಿ ಕಾಯಿಲೆಯಲ್ಲಿ ಕಿಡ್ನಿ ಕ್ಯಾನ್ಸರೂ ಬರುತ್ತದೆ, ಅಕ್ಷಿಪಟಲದಲ್ಲಿ ರಕ್ತನಾಳದ ಗಂಟೂ ಏಳುತ್ತದೆ. ಆ ಗಂಟು ಕ್ಯಾನ್ಸರಲ್ಲ. ಚಿಕ್ಕದಿದ್ದರೆ ಲೇಸರಿನಲ್ಲೇ ಸುಡಬಹುದು.

ಕ್ಯಾನ್ಸರೇ ಎಂದಾದರೂ ಕಣ್ಣು ತೆಗೆಯುವುದು ಕೊನೆಯ ಮಾತು. ಗಡ್ಡೆ ಒಂದೇ ಆಗಿದ್ದರೆ ರುಥೇನಿಯಂ ಅಥವಾ ಅಯೋಡಿನ್‌ನ ವಿಕಿರಣ ಬಿಲ್ಲೆಯನ್ನು ಕಣ್ಣಿನ ಬಿಳಿಭಾಗಕ್ಕೆ ಹೊಲಿದು, ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಹೊರಗಿನಿಂದ ಕೊಡುವ ವಿಕಿರಣ ಸಾಮಾನ್ಯವಾಗಿ 30–40 ಗ್ರೇ (ವಿಕಿರಣದ ಅಳತೆ), ಎರಡರಿಂದ ನಾಲ್ಕು ವಾರಗಳಲ್ಲಿ. ಮಾಮೂಲಿ ಪ್ರಮಾಣಕ್ಕೆ ಕಿಡ್ನಿ ಕ್ಯಾನ್ಸರ್ ಸುಲಭಕ್ಕೆ ಬಗ್ಗದಿರುವುದೇ ತೊಡಕು. ಬಹುತೇಕರಿಗೆ ಅಷ್ಟರಲ್ಲಿ ಬೇರೆ ಕಡೆಯೂ ಹರಡಿರುವುದರಿಂದ ಆಕ್ಸಿಟಿನಿಬ್, ಕ್ಯಾಬೊಜಾಂಟಿನಿಬ್ ಮಾತ್ರೆ, ನಿವೊಲುಮಾಬ್ ಅಥವಾ ಪೆಂಬ್ರೊಲಿಜುಮಾಬ್ ಡ್ರಿಪ್ ಬೇಕಾಗುತ್ತದೆ. ಮಾತ್ರೆಗಳು ಬಿಪಿ ಏರಿಸುತ್ತವೆ, ಮನೆಯಲ್ಲೇ ಅಳೆದು ಬರೆದಿಡಿ. ಡ್ರಿಪ್ ಶುರುವಾದ ಮೇಲೆ ಕಣ್ಣು ಕೆಂಪಾಗಿ, ಬೆಳಕು ಚುಚ್ಚಿದರೆ ಗಡ್ಡೆ ಬೆಳೆಯಿತೆಂದೇ ಹೆದರಬೇಕಿಲ್ಲ, ಔಷಧಿಯೇ ಉರಿಯೂತ ತಂದಿರಬಹುದು. ಅಂಗಡಿಯ ಹನಿ ಹಾಕಿಕೊಳ್ಳದೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ, ಕ್ಯಾನ್ಸರ್ ವೈದ್ಯರಿಗೂ ತಿಳಿಸಿ.

— ಇಬ್ಬರು ನೇತ್ರತಜ್ಞರು