ರಾಡ್ ಸಿಕ್ಕಿಸುವ ಮುಂಚೆ ಒಂದು ಲೆಕ್ಕ

ಪ್ರೀತಿಯ ಪುಟ್ಟಿ,

ರೂಮಿನಲ್ಲಿ ಗೀಸರ್ ಇಲ್ಲ, ನೀರು ಕಾಯಿಸುವ ರಾಡ್ ತಗೊಂಡಿದ್ದೀಯ ಎಂದು ಅಮ್ಮ ಹೇಳಿದಳು. ಅದನ್ನು ಮೊಬೈಲ್ ಚಾರ್ಜರ್ ಹಾಕುವ ಎಕ್ಸ್‌ಟೆನ್ಶನ್ ಬೋರ್ಡಿಗೇ ಸಿಕ್ಕಿಸುತ್ತೀಯಂತೆ. ಪ್ಲಗ್ ಬಿಸಿಯಾಗುತ್ತಂತೆ. 'ಬೇಡ' ಎಂದು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಯಾಕೆ ಬೇಡ ಎನ್ನುವುದನ್ನು ನೀನೇ ಲೆಕ್ಕ ಹಾಕಿ ನೋಡಬೇಕು ಎಂದು ನನಗೆ ಆಸೆ. ವೈರಿಂಗ್ ಕೆಲಸದಲ್ಲಿ ನಾನು ದಿನವೂ ಹಾಕುವುದು ಇದೇ ಲೆಕ್ಕ.

ರಾಡಿನ ಮೇಲೆ 1500 ವಾಟ್, 230 ವೋಲ್ಟ್ ಎಂದು ಬರೆದಿರುತ್ತದೆ. ವೋಲ್ಟನ್ನು ಆಂಪ್ಸ್‌ನಿಂದ ಗುಣಿಸಿದರೆ ವಾಟ್. ಆಂಪ್ಸ್ ಅಂದರೆ ಹರಿಯುವ ಕರೆಂಟಿನ ಅಳತೆ. ಹಾಗಾದರೆ 1500 ಅನ್ನು 230ರಿಂದ ಭಾಗಿಸು. 6.5 ಆಂಪ್ಸ್ ಬಂತು, ಅಲ್ವಾ? ಈಗ ವೋಲ್ಟನ್ನು ಆಂಪ್ಸ್‌ನಿಂದ ಭಾಗಿಸು. 230 ಭಾಗಿಸು 6.5, ಅಂದರೆ ಸುಮಾರು 35. ಅದೇ ಆ ರಾಡಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 35 ಓಮ್. ನಂಬಿಕೆ ಬರದಿದ್ದರೆ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು, ಅದರ ಎರಡು ಪಿನ್‌ಗಳ ಮಧ್ಯೆ ಮಲ್ಟಿಮೀಟರ್ ಇಟ್ಟು ನೋಡು. ಹತ್ತಿರ ಹತ್ತಿರ ಅಷ್ಟೇ ತೋರಿಸುತ್ತದೆ.

ಹಳೇ ಕಾಲದ 60 ವಾಟ್ ಬಲ್ಬಿಗೆ ಮಾತ್ರ ಹೀಗೆ ಮಾಡಿದರೆ ಗೊಂದಲವಾಗುತ್ತದೆ. ಲೆಕ್ಕದಲ್ಲಿ 880 ಓಮ್ ಬರುತ್ತದೆ, ಮೀಟರ್ ನೂರು ಓಮ್ ಕೂಡ ತೋರಿಸುವುದಿಲ್ಲ. ಲೆಕ್ಕ ತಪ್ಪಲ್ಲ. ಉರಿಯುವಾಗ ಟಂಗ್‌ಸ್ಟನ್ ತಂತಿ ವಿಪರೀತ ಕಾಯುತ್ತದೆ, ಕಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ. ಆ ಬಲ್ಬುಗಳು ಸ್ವಿಚ್ ಹಾಕಿದ ಕ್ಷಣಕ್ಕೇ ಹೆಚ್ಚಾಗಿ ಹೋಗುತ್ತಿದ್ದುದೂ ಅದಕ್ಕೇ. ತಣ್ಣಗಿರುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ನುಗ್ಗುತ್ತದೆ. ನಿನ್ನ ರಾಡಿನೊಳಗಿರುವುದು ನೈಕ್ರೋಮ್ ಎಂಬ ಮಿಶ್ರಲೋಹದ ತಂತಿ, ಬಿಸಿಯಾದರೂ ಅದರ ಓಮ್ ಅಷ್ಟಾಗಿ ಬದಲಾಗುವುದಿಲ್ಲ.

ಈಗ ಬೋರ್ಡಿನ ವಿಷಯಕ್ಕೆ ಬರೋಣ. ಚಾರ್ಜರ್ 5 ವೋಲ್ಟ್, 2 ಆಂಪ್ಸ್ ಕೊಟ್ಟರೆ 10 ವಾಟ್. ರಾಡ್ ಅದರ 150 ಪಟ್ಟು. ನಿನ್ನ ಬೋರ್ಡಿನಲ್ಲಿರುವುದು 6 ಆಂಪ್ಸ್ ಸಾಕೆಟ್. ಅರ್ಧ ಆಂಪ್ ತಾನೇ ಜಾಸ್ತಿ ಎನ್ನಬಹುದು. ನನಗೆ ಭಯ ಇರುವುದು ಆ ಅರ್ಧ ಆಂಪ್‌ನದಲ್ಲ, ಸಾಕೆಟ್ಟಿನ ಒಳಗಿನ ಸಡಿಲ ಹಿಡಿತದ್ದು.

ಪಿನ್ ಸರಿಯಾಗಿ ಕೂರದಿದ್ದರೆ ಅಲ್ಲೊಂದು ಚಿಕ್ಕ ರೆಸಿಸ್ಟೆನ್ಸ್ ಹುಟ್ಟುತ್ತದೆ. ಅರ್ಧ ಓಮ್ ಎಂದೇ ಇಟ್ಟುಕೋ. ಅಲ್ಲಿ ಹುಟ್ಟುವ ಶಾಖ ಕಂಡುಹಿಡಿಯಲು ಆಂಪ್ಸನ್ನು ಆಂಪ್ಸ್‌ನಿಂದಲೇ ಗುಣಿಸಿ, ಮತ್ತೆ ಓಮ್‌ನಿಂದ ಗುಣಿಸಬೇಕು. 6.5 ಸಲ 6.5 ಅಂದರೆ 42, ಅದರ ಅರ್ಧ 21 ವಾಟ್. ನನ್ನ ಬೆಸುಗೆ ಹಾಕುವ ಕಡ್ಡಿ 25 ವಾಟ್ ಕಣಮ್ಮಾ, ಅದು ಸೀಸ ಕರಗಿಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ನಿನ್ನ ಪ್ಲಾಸ್ಟಿಕ್ ಪ್ಲಗ್ಗಿನ ಒಂದು ಪಿನ್ ಹತ್ತಿರ ಹುಟ್ಟುತ್ತಿದೆ. ಬಿಸಿಗೆ ಹಿತ್ತಾಳೆ ಕಪ್ಪಾಗುತ್ತದೆ, ಹಿಡಿತ ಇನ್ನೂ ಸಡಿಲವಾಗುತ್ತದೆ, ಓಮ್ ಏರುತ್ತದೆ, ಬಿಸಿ ಮತ್ತೂ ಜಾಸ್ತಿ.

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ ಬಿಡಪ್ಪಾ ಎನ್ನಬೇಡ. ಎಂಸಿಬಿಗೆ ಕಾಣುವುದು ಕರೆಂಟ್ ಮಾತ್ರ. ಇಲ್ಲಿ ಕರೆಂಟ್ ಏರಿಯೇ ಇಲ್ಲ, ಅದೇ 6.5. ಪ್ಲಗ್ ಕರಗಿದರೂ ಅದು ಸುಮ್ನೆ ಇರುತ್ತದೆ. ಬೋರ್ಡ್ ಸುಟ್ಟಿದೆ ಎಂದು ಕರೆದ ಮನೆಗಳಲ್ಲಿ ನಾನು ಇದನ್ನೇ ಮತ್ತೆ ಮತ್ತೆ ಕಂಡಿದ್ದೇನೆ.

ಆಂಪ್ಸ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಊರೂರಿಗೆ ಕರೆಂಟ್ ಸಾಗಿಸುವವರಿಗೂ ಇದೇ ತಲೆನೋವು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟ್ ಹೋಯಿತಲ್ಲ, ಅದು ಸುಮಾರು 147 ಕಿಲೋಮೀಟರ್ ದಾರಿ. ಅಷ್ಟು ದೂರದ ತಂತಿಯೇ ಕಾದು ಎಲ್ಲ ತಿಂದುಹಾಕಬಾರದು ಎಂದರೆ ವೋಲ್ಟ್ ಏರಿಸಬೇಕು. ವೋಲ್ಟ್ ಹತ್ತು ಪಟ್ಟಾದರೆ ಅಷ್ಟೇ ವಾಟಿಗೆ ಹತ್ತನೇ ಒಂದು ಭಾಗ ಆಂಪ್ಸ್ ಸಾಕು. ಆಗ ತಂತಿಯಲ್ಲಿ ಹಾಳಾಗುವುದು ನೂರನೇ ಒಂದು ಭಾಗ. ಎಷ್ಟು ಚೆಂದದ ಲೆಕ್ಕ, ನೋಡು! ಇದರ ಬುನಾದಿ ಹಾಕಿದ, ಆ ಅಳತೆಗೆ ತನ್ನ ಹೆಸರು ಕೊಟ್ಟ ಓಮ್ ಕೂಡ ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರು. 1827ರಲ್ಲಿ ಪುಸ್ತಕ ಬಂತು, ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟಿದ್ದು 1841ರಲ್ಲಿ.

ಸಂಜೆ ನೀರು ಬೇಗ ಕಾಯುವುದಿಲ್ಲ ಎಂದೆಯಲ್ಲ, ಅದೂ ಇದರಲ್ಲೇ ಇದೆ. ವೋಲ್ಟೇಜ್ 180ಕ್ಕೆ ಇಳಿದರೆ ರಾಡಿನ 35 ಓಮ್ ಹಾಗೇ ಇರುತ್ತದೆ. ಕರೆಂಟ್ 5.1ಕ್ಕೆ ಇಳಿಯುತ್ತದೆ, ವಾಟ್ 920ರ ಆಸುಪಾಸು. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಪೂರ್ತಿ ವೋಲ್ಟೇಜಿನಲ್ಲಿ 21 ನಿಮಿಷ ಬೇಕು, ಈಗ 34 ನಿಮಿಷ. ಖರ್ಚು ಮಾತ್ರ ಎರಡರಲ್ಲೂ ಸುಮಾರು ಅರ್ಧ ಯೂನಿಟ್ಟೇ.

ಓನರ್ ಹತ್ತಿರ ಮಾತಾಡಿ ಗೋಡೆಗೆ 16 ಆಂಪ್ಸ್ ಪಾಯಿಂಟ್ ಹಾಕಿಸು. ಅರ್ಥಿಂಗ್ ಇದೆಯಾ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಲೇಬೇಕು. ಹಾಕಿಸುವವರೆಗೆ ಗ್ಯಾಸ್ ಒಲೆಯಲ್ಲೇ ನೀರು ಕಾಯಿಸು. ಆಮೇಲೂ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲಷ್ಟೇ ಬಕೆಟ್ಟಿಗೆ ಕೈ ಹಾಕು.

ನಿನ್ನ ರೂಮ್‌ಮೇಟ್ ಹತ್ತಿರ 750 ವಾಟಿನ ಇಸ್ತ್ರಿ ಪೆಟ್ಟಿಗೆ ಇದೆಯಂತೆ. ಅದಕ್ಕೆ ಎಷ್ಟು ಆಂಪ್ಸ್, ಎಷ್ಟು ಓಮ್, ಅದೇ ಬೋರ್ಡಿಗೆ ಹಾಕಬಹುದೋ ಇಲ್ಲವೋ, ಇಬ್ಬರೂ ಲೆಕ್ಕ ಹಾಕಿ ನನಗೆ ಕಳಿಸಿ.

ನಿನ್ನ
ಅಪ್ಪ